ಚಕ್ರ ಮರೆತ ಗಾಡಿ

ಟೇಪಣ್ಣನ ಹಳೇ ವ್ಯಾನು ಸೇತುವೆ ಮೇಲೆ ಕೊನೇ ಸಲ ಕೆಮ್ಮಿ ನಿಂತಾಗ ಮನೆಯಲ್ಲಿ ನಿಜವಾಗಿ ಅತ್ತವರು ಒಬ್ಬರೇ, ಅವನ ಅಮ್ಮ. ಪ್ರತಿ ಭಾನುವಾರ ಅದರ ಮುಂದಿನ ಸೀಟಲ್ಲಿ ಕೂತು ನದಿಯಾಚೆ ಇರುವ ಅಕ್ಕನ ಮನೆಗೆ ಹೋಗಿಬರುವುದೇ ಆಕೆಯ ವಾರದ ಸಂಭ್ರಮ. ಹೋಗಿ ಮಾಡುತ್ತಿದ್ದದ್ದಾದರೂ ಏನು ಅಂತೀರಿ? ಬರೀ ಜಗಳ. ಚಿಕ್ಕಂದಿನಲ್ಲಿ ಬಸ್ಸಿನ ಕಿಟಕಿ ಸೀಟು ಯಾರದಾಗಿತ್ತು ಅನ್ನುವ ವ್ಯಾಜ್ಯವೇ ಇನ್ನೂ ತೀರ್ಮಾನವಾಗಿರಲಿಲ್ಲ. ಆ ಅಕ್ಕ, ಅಂದರೆ ಟೇಪಣ್ಣನ ದೊಡ್ಡಮ್ಮನೇ ಇತ್ತ ಬರಲಿ ಎಂದರೆ ಅವರು ಹೊಸ್ತಿಲು ದಾಟಿ ವರ್ಷಗಳೇ ಆಗಿದ್ದವು. ಮಂಡಿನೋವು ಆ ವಂಶದ ಪಿತ್ರಾರ್ಜಿತ ಆಸ್ತಿ, ಅಕ್ಕನಿಗೆ ದೊಡ್ಡ ಪಾಲು ಬಂದಿತ್ತು, ತಂಗಿಗೆ ಚಿಕ್ಕ ಪಾಲು.

ಬಾಡಿಗೆ ಕಾರು ತರಿಸ್ತೀನಿ ಅಂದರೆ ಅಮ್ಮ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. "ಒಡಹುಟ್ಟಿದ ಅಕ್ಕನ ಮನೆಗೆ ಬಾಡಿಗೆ ಗಾಡೀಲಿ ಹೋಗೋಕೆ ನಾನೇನು ಕೋರ್ಟಿಗೆ ಸಾಕ್ಷಿ ಹೇಳೋಕೆ ಹೋಗ್ತಿದೀನಾ? ಮಗನ ಗಾಡಿ ಬರಲಿ, ಹೋಗ್ತೀನಿ."

ಮಗನ ಗಾಡಿ ಬರಬೇಕಲ್ಲ! ಅಲ್ಲಿ ಶುರುವಾಯಿತು ನೋಡಿ ಗಂಡ ಹೆಂಡಿರ ಮಹಾಯುದ್ಧ. ಟೇಪಣ್ಣ ಬಡಗಿ. ಸೊಂಟದ ಅಳತೆ ಟೇಪು ಮಲಗುವಾಗಲೂ ದಿಂಬಿನ ಪಕ್ಕದಲ್ಲೇ ಇರುತ್ತಿದ್ದರಿಂದ ಬೀದಿಯವರು ಇಟ್ಟ ಹೆಸರು ಅದು. ಹಿಂದೆ ತೆರೆದ ತೊಟ್ಟಿ ಇರುವ ಪಿಕಪ್ಪೇ ಅವನಿಗೆ ಬೇಕು.

"ಬೀರು ಏನು ಮಲಗಿಕೊಂಡು ಪ್ರಯಾಣ ಮಾಡುತ್ತಾ? ನಿಲ್ಲಿಸಿ ಒಯ್ಯಬೇಕು ಕಣೆ," ಎನ್ನುತ್ತಿದ್ದ.

ಅದೇ ಬೀರುಗಳಿಗೆ ಪಾಲಿಶ್ ಹಾಕುವವಳು ಹೆಂಡತಿ. ಅವಳಿಗೆ ಎಸ್‌ಯುವಿ ಬೇಕು. "ರೀ, ನಾವೇನು ಬೀರು ಹೆತ್ತಿದೀವಾ? ಮಗಳನ್ನ ಹೆತ್ತಿದೀವಿ. ಮಳೆ ಬಂದ್ರೆ ಮಾರ್ಕೆಟ್ಟಿನ ಚೀಲ ನಿಮ್ಮ ತೊಟ್ಟೀಲಿ ಈಜಬೇಕಾ? ಅತ್ತೆಗೂ ಮೆತ್ತನೆ ಸೀಟು ಬೇಡವಾ?" ಎತ್ತು ಏರಿಗೆ, ಕೋಣ ನೀರಿಗೆ. ಇದರಲ್ಲಿ ಎತ್ತು ಯಾರು, ಕೋಣ ಯಾರು ಅಂತ ಕೇಳಬೇಡಿ, ನಾನು ಆ ಮನೆಯಲ್ಲಿ ಇನ್ನೂ ಕಾಫಿ ಕುಡಿಯಬೇಕು.

ಎರಡೂ ಗಾಡಿ ಕೊಳ್ಳುವ ಯೋಗ್ಯತೆ ಇಲ್ಲ. ನಿತ್ಯದ ಕೆಲಸಕ್ಕೂ ಒಂದೇ, ಭಾನುವಾರಕ್ಕೂ ಅದೇ ಆಗಬೇಕು. ಒಂದು ದಿನ ಹೆಂಡತಿಯೇ ಪಾಲಿಶ್ ಬಟ್ಟೆ ಕೆಳಗಿಟ್ಟು ಹೇಳಿದಳು: "ಊರಿಗೆಲ್ಲ 'ಬಾಳಿ ನೋಡಿ' ಅಂತೀರಲ್ಲ, ನಮಗೂ ಒಂದು ಮಾಡಿ!"

ಈ 'ಬಾಳಿ ನೋಡಿ' ಅನ್ನುವುದು ಟೇಪಣ್ಣನ ಕಾರ್ಖಾನೆಯ ಪದ್ಧತಿ. ಯಾರಾದರೂ ಬೀರು ಬೇಕೆಂದರೆ ಅವನು ತಕ್ಷಣ ಒಳ್ಳೆ ಮರಕ್ಕೆ ಗರಗಸ ಹಾಕುವವನಲ್ಲ. ಮೊದಲು ರದ್ದಿ ಪ್ಲೈವುಡ್ಡಿನಲ್ಲಿ ಅದೇ ಅಳತೆಯ ಸುಳ್ಳು ಬೀರು ಮಾಡಿ ಅವರ ಕೋಣೆಯಲ್ಲಿ ಇಟ್ಟುಬರುತ್ತಿದ್ದ. "ಒಂದು ವಾರ ಇದರ ಜೊತೆ ಬಾಳಿ ನೋಡಿ. ಬಾಗಿಲು ಮಂಚಕ್ಕೆ ಬಡಿದ್ರೆ ಈಗಲೇ ಬಡೀಲಿ." ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಯೋನು ಅಂತ ಜನ ನಗುತ್ತಿದ್ದರು. ನಕ್ಕವರೆಲ್ಲ ಮತ್ತೆ ಅವನ ಹತ್ತಿರವೇ ಬರುತ್ತಿದ್ದರು ಅನ್ನಿ.

ಟೇಪಣ್ಣ ಶೋರೂಮಿಗೆ ಹೋಗಿ ಎರಡೂ ಗಾಡಿಗಳ ಒಳಗೆ ನುಗ್ಗಿ ಅಳೆದ. ಸೀಟಿನ ಅಗಲ, ಕಾಲು ಚಾಚುವ ಜಾಗ, ತಲೆಗೂ ಚಾವಣಿಗೂ ನಡುವಿನ ಅಂತರ, ಒಂದನ್ನೂ ಬಿಡಲಿಲ್ಲ. ಗಾಡಿ ಕೊಳ್ಳಲು ಬಂದವನು ಗಾಡಿಗೆ ಅಂಗಿ ಹೊಲಿಸುವವನ ಹಾಗೆ ಟೇಪು ಎಳೆಯುವುದನ್ನು ಕಂಡು ಸೇಲ್ಸ್‌ಮನ್ ಮೂಗಿನ ಮೇಲೆ ಬೆರಳಿಟ್ಟುಕೊಂಡ. ವಾರ ಕಳೆಯುವಷ್ಟರಲ್ಲಿ ಕಾರ್ಖಾನೆಯ ನಡುವೆ ಎರಡು ಪ್ಲೈವುಡ್ ಗಾಡಿಗಳು ನಿಂತವು. ಎಡಕ್ಕೆ ಪಿಕಪ್, ಬಲಕ್ಕೆ ಎಸ್‌ಯುವಿ. ಎರಡರಲ್ಲೂ ಮುಂದೆ ಇಬ್ಬರು, ಹಿಂದೆ ಮೂವರು ಕೂರಬಹುದಿತ್ತು. ಸ್ಟೀರಿಂಗ್ ಜಾಗದಲ್ಲಿ ಬಣ್ಣದ ಡಬ್ಬಿಯ ಮುಚ್ಚಳ.

ಅಯ್ಯೋ, ಆಮೇಲಿನ ತಮಾಷೆ ಕೇಳಬೇಡಿ! ಸಂಜೆ ಕೆಲಸ ಮುಗಿದ ಮೇಲೆ ಇಡೀ ಸಂಸಾರ ಅದರಲ್ಲಿ ಕೂತು 'ಪ್ರಯಾಣ' ಮಾಡುತ್ತಿತ್ತು. ಪಕ್ಕದ ಕಟಿಂಗ್ ಅಂಗಡಿಯವನು ಕತ್ತರಿ ಹಿಡಿದೇ ಬಂದು, "ಗಾಡಿ ಪಕ್ಕಕ್ಕೆ ಹಾಕಿ ಸ್ವಾಮಿ, ಗಿರಾಕಿಗಳಿಗೆ ದಾರಿ ಇಲ್ಲ," ಎಂದು ರೇಗಿಸುತ್ತಿದ್ದ. ಮಗಳು ಹಿಂದಿನ ಸೀಟಲ್ಲಿ ಪಾಠ ಓದಿದಳು. ಹೆಂಡತಿ ತರಕಾರಿ ಚೀಲ ಇಟ್ಟು ನೋಡಿದಳು, ಪಾಲಿಶ್ ಡಬ್ಬಿ ಇಟ್ಟು ನೋಡಿದಳು, ಕೊನೆಗೆ, "ರೀ, ಸ್ವಲ್ಪ ನಿಧಾನ ಹೋಗಿ, ಭಯ ಆಗುತ್ತೆ," ಅಂತ ನಿಂತಲ್ಲೇ ನಿಂತಿದ್ದ ಪ್ಲೈವುಡ್ಡಿನಲ್ಲಿ ಗಂಡನನ್ನು ಗದರಿದಳು. ಅವನೂ ಬ್ರೇಕ್ ಒತ್ತಿದ, ಪಾಪ.

ಎಲ್ಲರಿಗಿಂತ ಹೆಚ್ಚು ಖುಷಿ ಅಮ್ಮನಿಗೆ. ಬೆಳಿಗ್ಗೆ ತಿಂಡಿ ಮುಗಿಸಿ ಬಂದವಳೇ ಎಸ್‌ಯುವಿಯ ಮುಂದಿನ ಸೀಟಲ್ಲಿ ಕೂತು, ಅಕ್ಕನಿಗೆ ಅಂತ ಸ್ವೆಟರ್ ಹೆಣೆಯುತ್ತಾ ಇಲ್ಲದ ಗಾಜಿನಾಚೆ ನೋಡುತ್ತಿದ್ದಳು. "ಇಲ್ಲಿಂದ ಸೇತುವೆ ಚೆನ್ನಾಗಿ ಕಾಣುತ್ತೆ," ಅನ್ನುತ್ತಿದ್ದಳು. ಕಾಣುತ್ತಿದ್ದದ್ದು ಮರದ ಪುಡಿಯ ರಾಶಿ. ಅವಳ ಮುಖ ನೋಡಿ ಟೇಪಣ್ಣ ಕರಗಿಹೋದ. ಪಿಕಪ್ಪಿನ ಆಸೆಯನ್ನು ನುಂಗಿಕೊಂಡು, "ಸರಿ, ಎಸ್‌ಯುವಿನೇ ತಗೊಳ್ಳೋಣ," ಅಂದುಬಿಟ್ಟ. ಹೆಂಡತಿ ಗೆದ್ದ ಖುಷಿಗೆ ಅವತ್ತು ಅವನ ತಟ್ಟೆಗೆ ತುಪ್ಪ ಜಾಸ್ತಿ ಬಿತ್ತು.

ಭಾನುವಾರ ಶೋರೂಮಿಗೆ ಹೊರಟರು. ಗಾಡಿ ಓಡಿಸಿ ನೋಡುವ ನೆಪದಲ್ಲಿ ದೊಡ್ಡಮ್ಮನ ಮನೆಗೇ ಹೋಗಿಬರುವುದು ಅಂತ ನಿಶ್ಚಯವಾಗಿತ್ತು. ಅಮ್ಮ ಒಳ್ಳೆಯ ಬಟ್ಟೆ ಉಟ್ಟಿದ್ದಳು, ಕೈಯಲ್ಲಿ ಸ್ವೆಟರಿನ ಚೀಲ. ಸೇಲ್ಸ್‌ಮನ್ ಬಾಗಿಲು ತೆರೆದು, "ಬನ್ನಿ ಅಮ್ಮ," ಎಂದ. ಅಮ್ಮ ಬಾಗಿಲು ಹಿಡಿದು ಕಾಲೆತ್ತಿದಳು. ಮಂಡಿ ಅರ್ಧಕ್ಕೆ ಬಂದು ನಿಂತಿತು. ಇನ್ನೊಂದು ಕಾಲು ಪ್ರಯತ್ನಿಸಿದಳು. ಅದೂ ಅಷ್ಟೇ.

"ಸ್ವಲ್ಪ ಎಗರಿ ಅಮ್ಮ."

"ಎಗರೋ ವಯಸ್ಸಲ್ಲಿ ಎಗರಿದೀನಪ್ಪ," ಅಂದಳು ಅಮ್ಮ, ನಗುತ್ತಲೇ.

"ಅಪ್ಪಾ!" ಎಂದು ಮಗಳು ಕೂಗಿದಳು. "ನಮ್ಮ ಗಾಡೀಲಿ ಚಕ್ರಾನೇ ಇರ್ಲಿಲ್ಲ!"

ಟೇಪಣ್ಣ ಹಣೆ ಚಚ್ಚಿಕೊಂಡ. ಜೀವಮಾನವೆಲ್ಲ ಬೀರು ಮಾಡಿದವನು. ಬೀರು ನೆಲದ ಮೇಲೆ ನಿಲ್ಲುತ್ತದೆ. ಗಾಡಿಯನ್ನೂ ಬೀರುವಿನ ಹಾಗೇ ನೆಲಕ್ಕೇ ಕೂರಿಸಿದ್ದ. ಹಳೇ ವ್ಯಾನಂತೂ ನೆಲಕ್ಕೆ ಹೊಟ್ಟೆ ಉಜ್ಜಿಕೊಂಡು ಹೋಗುವ ಜಾತಿ, ಅಮ್ಮ ಅದರೊಳಗೆ ಸುಮ್ಮನೆ ಕೂತುಬಿಡುತ್ತಿದ್ದಳು. ಹತ್ತುವ ಮಾತೇ ಅವನ ತಲೆಗೆ ಹೊಳೆದಿರಲಿಲ್ಲ. ಪಕ್ಕದಲ್ಲಿದ್ದ ಪಿಕಪ್ಪಿಗೆ ಟೇಪು ಹಿಡಿದ. ಅದೂ ಅಷ್ಟೇ ಎತ್ತರ.

"ಗಾಡಿ ಚೆನ್ನಾಗಿದೆ ಕಣೋ, ತಗೋ," ಅಂದಳು ಅಮ್ಮ, ಚೀಲವನ್ನು ಎದೆಗೊತ್ತಿಕೊಂಡು. "ನನ್ನ ಲೆಕ್ಕ ಬಿಡಿ. ಅಕ್ಕನ ಹತ್ರ ಫೋನಲ್ಲೇ ಜಗಳ ಆಡ್ತೀನಿ."

ಟೇಪಣ್ಣನಿಗೆ ಅಳುವೇ ಬಂತು. ಊರವರ ಬೀರುವಿನ ಬಾಗಿಲು ಮಂಚಕ್ಕೆ ಬಡಿಯಬಾರದು ಅಂತ ಹೆಣಗಿದವನು ಹೆತ್ತ ತಾಯಿಯ ಮಂಡಿಯನ್ನು ಮರೆತಿದ್ದೆನಲ್ಲ ಅಂತ ತನ್ನನ್ನೇ ಬೈದುಕೊಂಡ. ಏನೂ ಕೊಳ್ಳದೆ ಎಲ್ಲರೂ ವಾಪಸ್ಸಾದರು.

ಮರುದಿನ ಬೆಳಿಗ್ಗೆ ಕಾರ್ಖಾನೆಯ ಬೇರೆ ಕೆಲಸಗಳೆಲ್ಲ ಬಂದ್. ಪ್ಲೈವುಡ್ ಎಸ್‌ಯುವಿಯ ಕೆಳಗೆ ತೊಲೆ ಇಟ್ಟು ಅಸಲಿ ಎತ್ತರಕ್ಕೆ ಏರಿಸಿದ. ಒಂದು ಸ್ಟೂಲು ತಂದಿಟ್ಟು, "ಅಮ್ಮ, ಹತ್ತು," ಎಂದ.

"ಹಿಡಿಯೋಕೆ ಏನೂ ಇಲ್ವಲ್ಲೋ. ಬಿದ್ರೆ ನೀನು ಹೊಸ ಮಂಡಿ ಮಾಡಿಕೊಡ್ತೀಯಾ?"

"ಮಡಚೋ ಮೆಟ್ಟಿಲು ಮಾಡ್ಲಾ?"

"ಮಡಚೋದರ ಮೇಲೆ ನಾನು ಕಾಲಿಡಲ್ಲಪ್ಪ. ನನ್ನ ಮಂಡಿ ಮಡಚಿದ್ರೆ ಸಾಕು."

ಕೊನೆಗೆ ಗಟ್ಟಿ ಮರದಲ್ಲಿ ಒಂದು ಮೆಟ್ಟಿಲೇ ತಯಾರಾಯಿತು. ಅಗಲವಾದ ಗಿಡ್ಡ ಹಂತಗಳು, ಎರಡೂ ಕಡೆ ಹಿಡಿಕೆ, ಅದಕ್ಕೆ ಹೆಂಡತಿಯ ಕೈಯ ಪಾಲಿಶ್. ಅಮ್ಮ ಹಿಡಿಕೆ ಹಿಡಿದು, ಒಂದೊಂದಾಗಿ ಹತ್ತಿ, ಸೀಟಲ್ಲಿ ಕೂತು, "ಹೂಂ," ಎಂದಳು. ಕಟಿಂಗ್ ಅಂಗಡಿಯವನೂ ಅವನ ಕೈಯಲ್ಲಿದ್ದ ಅರ್ಧ ಗಡ್ಡದ ಗಿರಾಕಿಯೂ ಚಪ್ಪಾಳೆ ತಟ್ಟಿದರು.

ಆದರೆ ಈ ಮೆಟ್ಟಿಲು ಎಲ್ಲಿ ಹೋಗಬೇಕು? ಜೊತೆಗೇ ಬರಬೇಕಲ್ಲ, ಇಲ್ಲದಿದ್ದರೆ ಅಮ್ಮ ಅಲ್ಲಿ ಇಳಿಯುವುದು ಹೇಗೆ? ಎಸ್‌ಯುವಿಯ ಹಿಂಭಾಗಕ್ಕೆ ತುರುಕಿದರೆ ಹಿಂದಿನ ಸೀಟನ್ನೇ ಮಲಗಿಸಬೇಕು, ಹೆಂಡತಿ ಮಗಳು ಮನೆಯಲ್ಲೇ ಉಳಿಯಬೇಕು. ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಆಮೇಲೆ ತಾನೇ ಮೆಟ್ಟಿಲನ್ನು ಎಳೆದುಕೊಂಡು ಹೋಗಿ ಪಿಕಪ್ಪಿನ ತೊಟ್ಟಿಯಲ್ಲಿ ನಿಲ್ಲಿಸಿದಳು. ಅಲ್ಲೇ ಹುಟ್ಟಿ ಬೆಳೆದದ್ದೇನೋ ಎಂಬಂತೆ ಕೂತಿತು.

"ಪಿಕಪ್ಪೇ ಆಗಲಿ," ಅಂದಳು. "ನಗಬೇಡಿ. ಇದು ನಿಮ್ಮ ಬೀರುವಿಗಲ್ಲ, ನಮ್ಮತ್ತೆಗೆ. ಮೇಲೆ ತಾರ್ಪಾಲು ಬೇಕು, ನನ್ನ ತರಕಾರಿ ನೆನೀಬಾರದು."

ಟೇಪಣ್ಣ ನಗಲಿಲ್ಲ. ಟೇಪು ಬಿಚ್ಚಿ ತಾರ್ಪಾಲಿಗೆ ತೊಟ್ಟಿಯ ಅಳತೆ ತೆಗೆಯತೊಡಗಿದ.

ಹೊಸ ಪಿಕಪ್ ಬಂದ ಮೊದಲ ಭಾನುವಾರ ನದಿ ದಾಟಿ ಹೋದರು. ದೊಡ್ಡಮ್ಮ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದರು. ಟೇಪಣ್ಣ ಮೆಟ್ಟಿಲು ಇಳಿಸಿ ಇಟ್ಟ. ಅಮ್ಮ ಹಿಡಿಕೆ ಹಿಡಿದು ಠೀವಿಯಿಂದ ಇಳಿದು ಬಂದು ಸ್ವೆಟರ್ ಚಾಚಿದಳು. "ತಡವಾಯ್ತಲ್ಲೇ," ಎಂದು ಶುರುಮಾಡಬೇಕಿದ್ದ ದೊಡ್ಡಮ್ಮ ಸ್ವೆಟರ್ ಕಡೆ ನೋಡಲೇ ಇಲ್ಲ. ನೋಡುತ್ತಿದ್ದದ್ದು ಮೆಟ್ಟಿಲನ್ನು.

"ಯಾರು ಮಾಡಿದ್ದು?"

"ನಾನೇ, ದೊಡ್ಡಮ್ಮ."

ಅವರು ಕೋಲೂರಿ ಎದ್ದರು. ಹೊಸ್ತಿಲ ಬಳಿ ಒಂದು ಗಳಿಗೆ ನಿಂತರು. ಟೇಪಣ್ಣ ಕೈ ಹಿಡಿಯಲು ಓಡಿದ, ಕೊಡವಿಬಿಟ್ಟರು. ಹೊಸ್ತಿಲು ದಾಟಿ, ಅಂಗಳ ದಾಟಿ, ಹಿಡಿಕೆ ಅಲುಗಾಡಿಸಿ ನೋಡಿ, ಕೋಲನ್ನು ತಂಗಿಯ ಕೈಗೆ ಕೊಟ್ಟು ಒಂದೊಂದೇ ಹಂತ ಹತ್ತಿದರು. ಮುಂದಿನ ಸೀಟಲ್ಲಿ ಕೂತು, ಕಿಟಕಿಯ ಗಾಜು ಇಳಿಸು ಎಂದು ಸನ್ನೆ ಮಾಡಿದರು.

"ಅಕ್ಕಾ, ಅದು ನನ್ನ ಸೀಟು!" ಅಮ್ಮ ಕೂಗಿದಳು.

"ಆವತ್ತೂ ಇದು ನಂದೇ ಆಗಿತ್ತು. ಹಿಂದೆ ಹತ್ತು."

"ಎಲ್ಲಿಗೆ ಹೋಗೋಣ ದೊಡ್ಡಮ್ಮ?" ಟೇಪಣ್ಣ ಸ್ಟೀರಿಂಗ್ ಕಡೆ ಓಡಿದ.

"ಎಲ್ಲಿಗಾದ್ರೂ ಹೋಗೋ. ಮೊದಲು ಆ ಮೆಟ್ಟಿಲು ಎತ್ತಿ ಹಾಕು, ಮರ್ತುಬಿಟ್ಟೀಯಾ."

ಟೇಪಣ್ಣ ಹಿಂದಿನ ಬಾಗಿಲಿಗೆ ಸರಿಸಿದ ಮೆಟ್ಟಿಲಿನಿಂದ ಅಮ್ಮ ಸೊಸೆಯ ಪಕ್ಕ ಹತ್ತಿ ಕೂತಳು. ಚಿಕ್ಕವಳಾಗಿ ಹುಟ್ಟಿದ್ದೇ ತಪ್ಪಾಯ್ತು ಅಂತ ಬಾಯಲ್ಲಿ ಗೊಣಗುತ್ತಾ, ಕೈ ಮುಂದೆ ಚಾಚಿ ಅಕ್ಕನ ಹೆಗಲ ಮೇಲೆ ಸ್ವೆಟರ್ ಹೊದಿಸಿದಳು. ಟೇಪಣ್ಣ ಮೆಟ್ಟಿಲನ್ನು ತೊಟ್ಟಿಗೇರಿಸಿ ಹಗ್ಗ ಬಿಗಿದು ಗಾಡಿ ಹೊರಡಿಸಿದ. ಸೇತುವೆ ಬಂದಾಗ ಅಕ್ಕತಂಗಿ ಇಬ್ಬರೂ ಜಗಳ ನಿಲ್ಲಿಸಿ ನೀರು ನೋಡಿದರು.