ನೊಡೊಕಾಳ ಸೀನು

ಸೀನು ಎಂಬ ಹಾಳಾದ್ದು ಕರೆದರೆ ಬರುವುದಿಲ್ಲ, ಬೇಡವೆಂದಾಗ ಮೂಗಿನಲ್ಲೇ ಮನೆ ಮಾಡಿರುತ್ತದೆ. ಕಯಾನೊ ಆ ನವೆಂಬರ್ ಮಧ್ಯಾಹ್ನ ಟೋಕಿಯೊದ ಸ್ಟುಡಿಯೋದಲ್ಲಿ ಮೈಕಿನ ಮುಂದೆ ನಿಂತು ಎಷ್ಟನೇ ಸಲವೋ ಸೀನಿದಂತೆ ನಟಿಸಿದಳು. ಗಾಜಿನಾಚೆಯಿಂದ ಧ್ವನಿ ನಿರ್ದೇಶಕ ಒಕಿಮುರಾ ಅವರ ಮಾತು ಸ್ಪೀಕರಿನಲ್ಲಿ ಬಂತು.

"ಚೆನ್ನಾಗಿ ಸೀನಿದ್ರಿ, ಕಯಾನೊ-ಸಾನ್. ಆದ್ರೆ ಇದು ನೊಡೊಕಾ ಅಲ್ಲ."

ಒಂಬತ್ತು ವರ್ಷದ ಹಿಂದೆ ಬಂದ ಒಂದು ಅನಿಮೆಯಲ್ಲಿ, ಅಂದರೆ ಜಪಾನಿ ಕಾರ್ಟೂನ್ ಸರಣಿಯಲ್ಲಿ, ಮೂವರು ಶಾಲಾ ಹುಡುಗಿಯರಿದ್ದರು, ಮೂವರಿಗೂ ಒಂದೊಂದು ವಿಚಿತ್ರ ಶಕ್ತಿ. ನೊಡೊಕಾ ಸೀನಿದರೆ ಲೋಕವೆಲ್ಲ ಕ್ಷಣಕಾಲ ನಿಂತುಬಿಡುತ್ತಿತ್ತು. ಅವಳ ಧ್ವನಿ ಕಯಾನೊಳದು. ಆ ಸೀನು ಎಷ್ಟು ಹೆಸರಾಯಿತೆಂದರೆ ಶಾಲೆ ಶಾಲೆಗಳಲ್ಲಿ ಮಕ್ಕಳು ಅದನ್ನೇ ಅಣಕಿಸುತ್ತಿದ್ದರು. ಈಗ ಮುಂದಿನ ಭಾಗ ಬರುತ್ತಿದೆ. ಹುಡುಗಿಯರು ದೊಡ್ಡವರಾಗಿದ್ದಾರೆ, ಕೆಲಸಕ್ಕೆ ಹೋಗುತ್ತಾರೆ.

ಹೊರಗಿನವರಿಗೆ ಗೊತ್ತಿಲ್ಲದ ವಿಷಯವೊಂದಿತ್ತು. ಆಗಿನ ಸೀನು ನಟನೆಯೇ ಅಲ್ಲ. ಅದು ವಸಂತಕಾಲ, ಊರಿಗೆ ಊರೇ ದೇವದಾರು ಮರಗಳ ಪರಾಗ ಕುಡಿದು ಕಣ್ಣು ಉಜ್ಜಿಕೊಳ್ಳುವ ದಿನಗಳು. ಕಯಾನೊಳ ಮೂಗು ನಲ್ಲಿಯ ಹಾಗೆ ಸೋರುತ್ತಿತ್ತು, ಮೈಕಿನ ಮುಂದೆ ನಿಂತರೆ ಸಾಕು, ಸೀನು ತಾನಾಗಿ ಬರುತ್ತಿತ್ತು. ಆಮೇಲೆ ಅವಳು ವರ್ಷಗಟ್ಟಲೆ ಔಷಧಿ ತೆಗೆದುಕೊಂಡು ಕಾಯಿಲೆ ವಾಸಿ ಮಾಡಿಕೊಂಡಳು. ಜಾಣೆ ಎಂದು ಬೀಗಿದ್ದೂ ಉಂಟು. ಈಗ ನೋಡಿದರೆ ಕಾಯಿಲೆಯ ಜೊತೆಗೆ ಅನ್ನ ಕೊಡುವ ವಿದ್ಯೆಯೂ ಹೊರಟುಹೋಗಿತ್ತು.

"ಹಳೇ ಸೀನನ್ನೇ ಹಾಕಿ ನೋಡಿದ್ವಿ," ಎಂದರು ಒಕಿಮುರಾ. "ನೊಡೊಕಾಳ ಈಗಿನ ಮುಖಕ್ಕೆ ಅದು ಕೂರಲ್ಲ. ಇವತ್ತು ಆಗ್ಲಿಲ್ಲ ಅಂದ್ರೆ ಬೇರೆಯವರನ್ನ ನೋಡ್ಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ."

ಕಯಾನೊ ತಲೆಬಾಗಿ ಹೊರಗೆ ಬಂದಳು. ನೊಡೊಕಾ ಬೇರೆಯವಳ ಬಾಯಲ್ಲಿ ಮಾತಾಡುವುದನ್ನು ನೆನೆಸಿಕೊಂಡೇ ಅವಳಿಗೆ ಅಳು ಬಂದಿತ್ತು.

ಕಾರಿಡಾರಿನ ಬೆಂಚಿನ ಮೇಲೆ ಗೆಳತಿ ಶಿಹೊ ಕೂತು ಅನ್ನದ ಉಂಡೆ ತಿನ್ನುತ್ತಿದ್ದಳು. ಮೂವರಲ್ಲಿ ಅವಳ ಪಾತ್ರಕ್ಕೆ ರಸ್ತೆ ಬದಿಯಲ್ಲಿ ಕಾಸು ಹಾಕಿದರೆ ಪಾನೀಯ ಕೊಡುವ ಯಂತ್ರಗಳ ಜೊತೆ ಹರಟುವ ಶಕ್ತಿ.

"ನೀನೂ ಎರಡು ತುತ್ತು ತಿನ್ನೇ. ಹೊಟ್ಟೆ ಗುರ್ ಅಂದ್ರೆ ಮೈಕು ಬಿಡುತ್ತಾ?"

"ಗಂಟಲಲ್ಲಿ ಇಳಿಯಲ್ಲ ಕಣೇ."

"ಹಾಗಾದ್ರೆ ಮೂಗು ತಾ ಇಲ್ಲಿ." ಶಿಹೊ ಕಾಗದದ ಕರವಸ್ತ್ರವನ್ನು ತೆಳ್ಳಗೆ ಹೊಸೆದು ಗೆಳತಿಯ ಮೂಗಿನೊಳಗೆ ತೂರಿಸಿ ತಿರುಗಿಸಿದಳು. ಕಣ್ಣೀರು ಬಂತು, ಸೀನು ಬರಲಿಲ್ಲ. "ಯಾರಾದ್ರೂ ಬೆನ್ನ ಹಿಂದೆ ಆಡ್ಕೊಂಡ್ರೆ ಸೀನು ಬರುತ್ತಂತಲ್ಲ, ನಾನೇ ಆಡ್ಕೋತೀನಿ ಇರು. ಆ ಕಯಾನೊ ಇದಾಳಲ್ಲ, ನನ್ನ ಕೊಡೆ ತಗೊಂಡು ಹೋದವಳು ಇನ್ನೂ ವಾಪಸ್ ಕೊಟ್ಟಿಲ್ಲ."

"ಅದು ಬೆನ್ನ ಹಿಂದೆ ಹೇಳ್ಬೇಕು, ಮುಖದ ಮುಂದಲ್ಲ," ಎಂದು ಕಯಾನೊ ಅಳುನಗೆ ನಕ್ಕಳು.

ಮುಂದಿನದು ಶಿಹೊಳ ದೃಶ್ಯ, ಇಬ್ಬರೂ ಒಳಗೆ ಹೋದರು. ಧ್ವನಿಮುದ್ರಣದ ಕೆಂಪು ದೀಪ ಹೊತ್ತಿತು. ಅದು ಉರಿಯುತ್ತಿರುವಾಗ ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತವರು ಹಾಳೆ ಮಗುಚುವುದಕ್ಕೂ ಉಸಿರು ಬಿಗಿಹಿಡಿಯಬೇಕು. ಸದ್ದಾಗುವ ಬಟ್ಟೆ ತೊಟ್ಟು ಬಂದವರನ್ನು ಹೊರಗೆ ಕಳಿಸಿದ್ದುಂಟು. ಶಿಹೊ ಪಾನೀಯದ ಯಂತ್ರಕ್ಕೆ ದೈನ್ಯದಿಂದ ಗುಟ್ಟು ಹೇಳುತ್ತಿದ್ದಳು. ಆಗಲೇ ಕಾಗದ ಕೆರಳಿಸಿಟ್ಟಿದ್ದ ಕಯಾನೊಳ ಮೂಗು ಎಚ್ಚೆತ್ತಿತು.

ಕಯಾನೊ ಮೂಗು ಹಿಡಿದಳು, ತುಟಿ ಕಚ್ಚಿದಳು, ಭುಜ ಮುದುಡಿದಳು. ಇಡೀ ಸೀನನ್ನು ನುಂಗಿದಳು. ಆದರೂ "ಕ್ಷುಪ್" ಎಂದು ಒಂದಿಷ್ಟು ಹೊರಬಿತ್ತು.

"ಯಾರದು?" ಎಂದಿತು ಸ್ಪೀಕರು.

"ನಂದೇ. ದಯವಿಟ್ಟು ಕ್ಷಮಿಸಿ," ಎಂದು ಕಯಾನೊ ಎದ್ದು ಸೊಂಟ ಬಾಗಿಸಿದಳು. ತಲೆ ಎತ್ತಿದಾಗ ಗೋಡೆಯ ಪರದೆಯ ಮೇಲೆ ಚಿತ್ರ ಹಿಂದಕ್ಕೆ ಓಡಿ ಅವಳದೇ ದೃಶ್ಯದ ಮೇಲೆ ನಿಂತಿತ್ತು. ಬೆಳಗಿನ ರೈಲು, ಕಾಲಿಡಲು ಜಾಗವಿಲ್ಲ. ಎದುರಿನ ಮುದುಕ ಇನ್ನೇನು ಬೀಳುತ್ತಾನೆ. ನೊಡೊಕಾ ಮೊಣಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಾಳೆ. ಬೆಳಗಿನಿಂದ ಕಣ್ಣೆದುರಿಗೇ ಇದ್ದ ಆ ಮೊಣಕೈಯನ್ನು ಕಯಾನೊ ಈಗ ನೋಡಿದಳು. ತಾನೂ ದಿನಾ ಅದೇ ರೈಲಿನಲ್ಲಿ ಬರುವವಳು.

"ಒಕಿಮುರಾ-ಸಾನ್, ಇನ್ನೊಂದೇ ಒಂದ್ಸಲ ಕೊಡ್ತೀರಾ? ನಾನು ಇಷ್ಟೊತ್ತೂ ಶಾಲೆ ಹುಡುಗಿ ಹಾಗೆ ಸೀನ್ತಿದ್ದೆ. ಅವಳು ದೊಡ್ಡವಳಾಗಿದಾಳೆ. ಆ ರೈಲಲ್ಲಿ ಯಾರು ಬಾಯಿಬಿಟ್ಟು ಸೀನ್ತಾರೆ, ಹೇಳಿ?"

ಉತ್ತರವಾಗಿ ಕೆಂಪು ದೀಪ ಹೊತ್ತಿತು. ಕಯಾನೊ ಮೊಣಕೈ ಮಡಚಿ, ನಾಚಿಕೊಂಡು, ಅಕ್ಕಪಕ್ಕದವರಿಗೆಲ್ಲ ಮನಸ್ಸಿನಲ್ಲೇ ಕ್ಷಮೆ ಕೇಳುತ್ತ, ಸೀನನ್ನು ನುಂಗಿದಳು. ಪರದೆಯ ಮೇಲೆ ರೈಲು ನಿಂತಿತು. ಮುದುಕ ಅರ್ಧ ಬಿದ್ದವನು ಹಾಗೇ ಗಾಳಿಯಲ್ಲಿ ಉಳಿದ.

ಒಕಿಮುರಾ ಗುಂಡಿ ಒತ್ತಿ ಮಾತಾಡಿದರು. "ಬಂದ್ಲು. ನಮ್ಮ ನೊಡೊಕಾನೇ. ಎಷ್ಟು ಬೆಳೆದುಬಿಟ್ಟಿದಾಳೆ."

ಸಂಜೆ ಗೆಳತಿಯರಿಬ್ಬರೂ ಬೀದಿಗಿಳಿದರು. ಕಯಾನೊಳ ಕಾಲು ನೆಲದ ಮೇಲಿರಲಿಲ್ಲ. ನಾಲ್ಕು ಹೆಜ್ಜೆ ನಡೆದಿರಬೇಕು, ಮಧ್ಯಾಹ್ನದಿಂದ ನುಂಗಿಟ್ಟಿದ್ದೆಲ್ಲ ಒಟ್ಟಿಗೆ ಮೇಲೆದ್ದು ಬಂತು. ಒಂಬತ್ತು ವರ್ಷದ ಹಿಂದಿನ ಅದೇ ಸೀನು, ಬೀದಿಯ ಕೊನೆವರೆಗೂ ಕೇಳುವಂಥದ್ದು. ಸೈಕಲ್ಲಿನವನು ಬ್ರೇಕ್ ಹಾಕಿದ, ತರಕಾರಿ ಅಂಗಡಿಯವಳು ಕೈಯಲ್ಲಿ ಮೂಲಂಗಿ ಹಿಡಿದು ಹಾಗೇ ನಿಂತಳು.

"ಅಲ್ವೇ, ಈಗ ಬಂತಾ ಇದು?" ಎಂದಳು ಶಿಹೊ.

"ಒಕಿಮುರಾ-ಸಾನ್‌ಗೆ ಹೇಳ್ಬೇಡ ಕಣೇ," ಎಂದು ಮೂಗೊರೆಸಿಕೊಂಡಳು ಕಯಾನೊ. "ಇದನ್ನ ನಾನೇ ಇಟ್ಕೋತೀನಿ."