ಜೆಲ್ಮಾ ಎಂದು ಕೂಗಿದವರು

ಅಣ್ಣನ ಗೋರಿಗುಂಡಿಯ ಅಂಚಿನಲ್ಲಿ ಪಾದ್ರಿ ಮುಂದೆ ಹಿಡಿದ ಮರಳಿನ ಬುಟ್ಟಿಗೆ ಔಸ್ತ್ರಾ ಕೈ ಹಾಕಲಿಲ್ಲ.

"ಅತ್ತೆ, ಮೂರೇ ಹಿಡಿ ಹಾಕಿ. ಅಪ್ಪನ ಒಡಹುಟ್ಟು ಅಂತ ಉಳಿದಿರೋದು ನೀವೊಬ್ಬರೇ," ಎಂದಳು ಅಣ್ಣನ ಮಗಳು ಇಲ್ಜೆ ಮೆತ್ತಗೆ.

"ಬಂದು ನಿಂತಿದೀನಲ್ಲ, ಸಾಕು. ಆ ಕಟುಕನ ಕಾರು ಒರೆಸಿದೋನಿಗೆ ನನ್ನ ಕೈ ಮಣ್ಣು ಬೇರೆ ಕೇಡು."

ಪಾದ್ರಿ ಮುಂದೆ ಸರಿದರು. ಹಾಡು ಶುರುವಾಯಿತು, ಗುಂಡಿ ತುಂಬತೊಡಗಿತು. ಯುದ್ಧಕಾಲದ ಸೋವಿಯತ್ ನಾಯಕನ ಗುಂಡು ತೂರದ ಕಾರನ್ನು ನೋಡಿಕೊಳ್ಳಲು ಅಣ್ಣ ಆರ್ವಿಡ್ಸ್ ರೀಗಾದ ವಸ್ತುಸಂಗ್ರಹಾಲಯಕ್ಕೆ ಸೇರಿದ ದಿನವೇ ಅವಳು ಮಾತು ಬಿಟ್ಟಿದ್ದಳು. ಅವನೋ, ಮೊದಲಿನಿಂದಲೂ ಬಾಯಿ ಸತ್ತ ಮನುಷ್ಯ.

*

ಆ ನಾಯಕನ ಆಜ್ಞೆಯಂತೆ ಅವರನ್ನು ದನದ ಬೋಗಿಗೆ ತುಂಬಿ ಸೈಬೀರಿಯಾಕ್ಕೆ ಸಾಗಿಸಿದಾಗ ಅಣ್ಣ ತಂಗಿ ಇಬ್ಬರೂ ಮಕ್ಕಳು. ಅಲ್ಲಿ ತಾಯಿ ಜೆಲ್ಮಾ ಜ್ವರ ಬಂದು ಮಲಗಿದಳು. ಔಷಧಿಗಾಗಿ ಅಣ್ಣ ಕಾವಲಿನ ಕಮಾಂಡರನ ಕಿಟಕಿಯ ಹೊರಗೆ ಹಿಮದಲ್ಲಿ ನಿಂತು, ಗಂಟಲು ಹರಿಯುವಂತೆ ಅಮ್ಮನ ಹೆಸರು ಕೂಗಿದ. ಗಾಜಿನಾಚೆ ಕಮಾಂಡರ್ ಚಹಾ ಕುಡಿಯುತ್ತಲೇ ಇದ್ದ, ತಲೆ ಎತ್ತಲಿಲ್ಲ.

ಬೆಂಕಿ ಹಾಕಿ ನೆಲ ಕರಗಿಸಿ ಅಮ್ಮನನ್ನು ಹೂಳಿದರು. ಊರಲ್ಲಾದರೆ, ಸತ್ತವರು ಹಿಂದೆ ಬಾರದಿರಲೆಂದು, ಗೋರಿಯ ಮರಳನ್ನು ಹಲ್ಲುಗಳಿರುವ ಹಲುಬೆಯಿಂದ ಬಾಚಿ, ಹಿಮ್ಮುಖ ನಡೆಯುತ್ತ ಹೆಜ್ಜೆಗಳನ್ನು ಅಳಿಸಿ ಬರುತ್ತಾರೆ. ಅಲ್ಲಿ ಬಾಚಲು ಮರಳೇ ಇರಲಿಲ್ಲ.

*

"ಅಮ್ಮಾ, ನಾನು ಗುನಾರ್ಸ್, ಆರ್ವಿಡ್ಸ್ ಜೊತೆ ಕೆಲಸಕ್ಕಿದ್ದೆ," ಎಂದು ಮುದುಕನೊಬ್ಬ ಗುಂಡಿಯ ಬಳಿ ಔಸ್ತ್ರಾಳ ಪಕ್ಕಕ್ಕೆ ಬಂದ. "ಜೆಲ್ಮಾ ಅಂದ್ರೆ ಯಾರು?"

ಔಸ್ತ್ರಾ ಬೆಚ್ಚಿದಳು. "ಯಾಕೆ?"

"ಶಾಲೆ ಮಕ್ಕಳು ಬಂದ್ರೆ ಒಬ್ಬರನ್ನ ಕಾರೊಳಗೆ ಕೂರಿಸಿ ಬಾಗಿಲು ಹಾಕೋನು. ಸಾಹೇಬರ ಹತ್ರ ಉಗಿಸ್ಕೊಂಡ್ರೂ ಬಿಡ್ತಿರಲಿಲ್ಲ. ಹೊರಗಿರೋರೆಲ್ಲ ಜೆಲ್ಮಾ ಅಂತ ಕೂಗಬೇಕು. ಗಾಜು ಅಂಗೈಯಷ್ಟು ದಪ್ಪ. ಏನೂ ಕೇಳಿಸಲಿಲ್ಲ ಅಂತ ಮಗು ಇಳಿದು ಬರೋದು. 'ಇದರಲ್ಲಿ ಕೂತೋನಿಗೂ ಕೇಳಿಸಲಿಲ್ಲ' ಅಂದು ಮತ್ತೆ ಒರೆಸೋಕೆ ಹೋಗೋನು."

ಔಸ್ತ್ರಾಳಿಗೆ ದುಃಖ ಒತ್ತರಿಸಿ ಬಂತು. ಎಷ್ಟೋ ಮಕ್ಕಳು ಕೂಗಿದ ಆ ಹೆಸರನ್ನು ತಾನು ಬಾಯಿಬಿಟ್ಟು ಹೇಳಿ ಎಷ್ಟು ಕಾಲವಾಯಿತೋ ನೆನಪಾಗಲಿಲ್ಲ. ಬುಟ್ಟಿಗಾಗಿ ತಿರುಗಿದಳು. ಗುಂಡಿ ಆಗಲೇ ಮುಚ್ಚಿತ್ತು.

ಅವಳು ಮರಳಿನ ಮೇಲೆ ಮೊಣಕಾಲೂರಿ, ಬಾಯನ್ನು ನೆಲಕ್ಕೆ ತಂದಳು.

"ಜೆಲ್ಮಾ," ಎಂದು ಕೂಗಿದಳು. ಹಾಡುತ್ತಿದ್ದವರು ನಿಲ್ಲಿಸಿದರು. "ಕೇಳಿಸ್ತೇನಣ್ಣಾ?"

ಆಮೇಲೆ ಎದ್ದು ಇಲ್ಜೆಯ ಕೈಯಿಂದ ಹಲುಬೆ ಇಸಿದುಕೊಂಡಳು. ಹಿಂದಕ್ಕೆ ಹೆಜ್ಜೆ ಇಡುತ್ತ ಪಾದ್ರಿಯ, ಬಂದವರ, ತನ್ನ ಹೆಜ್ಜೆಗಳನ್ನೆಲ್ಲ ಬಾಚಿದಳು.

"ಅತ್ತೆ, ಅಲ್ಲೊಂದಿಷ್ಟು ಉಳೀತು."

"ಇರಲಿ ಬಿಡು."

ಅಣ್ಣನ ತಲೆಯ ಬಳಿ, ಬಾಚಿದ ಗೆರೆಗಳ ನಡುವೆ, ಎರಡು ಮೊಣಕಾಲಿನ ಗುರುತು ಹಾಗೇ ಇತ್ತು.