ಬಣ್ಣ ಬಳಿದ ಏಣಿ

ನಾನು ಪೈಲಟ್ ಎಂದ ಕೂಡಲೇ ಎಲ್ಲರೂ ಆಕಾಶ ನೋಡುತ್ತಾರೆ. ಅಲ್ಲ ಸ್ವಾಮಿ, ನಾನು ನೀರಿನವಳು. ಹೊರಗಿನಿಂದ ಬಂದ ಹಡಗಿನ ಕ್ಯಾಪ್ಟನ್‌ಗೆ ಜಗತ್ತಿನ ಸಮುದ್ರವೆಲ್ಲ ಗೊತ್ತಿರಬಹುದು. ಆದರೆ ನಮ್ಮ ಬಂದರಿನ ಬಾಯಲ್ಲಿ ಮರಳಿನ ದಿಬ್ಬ ಎಲ್ಲಿದೆ, ಇಳಿತದ ಹೊತ್ತಿಗೆ ನೀರು ಯಾವ ಕಡೆಗೆ ಎಳೆಯುತ್ತದೆ ಎನ್ನುವುದು ಗೊತ್ತಿರುವುದಿಲ್ಲ. ಅದಕ್ಕೇ ನಾನು ಸಣ್ಣ ದೋಣಿಯಲ್ಲಿ ಎದುರು ಹೋಗಿ, ಹಡಗಿನ ಪಕ್ಕಕ್ಕೆ ಇಳಿಬಿಟ್ಟ ಹಗ್ಗದ ಏಣಿ ಹತ್ತಿ, ಕ್ಯಾಪ್ಟನ್ ಪಕ್ಕ ನಿಂತು ದಾರಿ ಹೇಳಿ ಒಳಗೆ ಕರೆತರುತ್ತೇನೆ. ಇಪ್ಪತ್ತೊಂದು ವರ್ಷದಲ್ಲಿ ಒಂದು ಹಡಗನ್ನೂ ಎಲ್ಲಿಗೂ ತಾಗಿಸಿಲ್ಲ. ಜಂಬ ಅಂದುಕೊಂಡರೆ ಅಂದುಕೊಳ್ಳಿ.

ಕೆಲಸ ಕಲಿಸಿದ್ದು ನಮ್ಮ ದೊಡ್ಡಪ್ಪ. ಅವರೂ ಪೈಲಟ್ ಆಗಿದ್ದವರೇ. ಇಪ್ಪತ್ತಮೂರು ವರ್ಷದ ಹಿಂದೆ ಪರದೇಶದ ಒಂದು ಯುದ್ಧನೌಕೆಯ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡರು. ಕಾಲು ಜಾರಿತು ಎಂದು ಅವರೇ ಹೇಳಿದರು, ಕಚೇರಿಯ ಕಡತದಲ್ಲೂ ಹಾಗೇ ಇದೆ. ಅಂದಿನಿಂದ ಗಾಲಿಕುರ್ಚಿ, ಕಿಟಕಿ, ಕೈಯಲ್ಲೊಂದು ದುರ್ಬೀನು. ಬಂದರಿನ ಕಡೆಗೆ ಮತ್ತೆ ಕಾಲಿಡಲಿಲ್ಲ ಎನ್ನುವ ಹಾಗಿಲ್ಲವಲ್ಲ, ಗಾಲಿಯನ್ನೂ ಹಾಯಿಸಲಿಲ್ಲ. ಊಟದ ಮೇಜಿನ ಮೇಲೆ ಬೆಂಕಿಪೊಟ್ಟಣಗಳನ್ನೇ ಹಡಗು ಮಾಡಿ ನನಗೆ ಪಾಠ ಹೇಳಿದರು. ಸಾಯಂಕಾಲ ಮನೆಗೆ ಬಂದರೆ ಸಾಕು, "ಇವತ್ತು ಎರಡನೇ ಹಡಗಿನ ಮೂತಿ ಸ್ವಲ್ಪ ತಡವಾಗಿ ತಿರುಗಿಸಿದೆ" ಎಂದು ತಪ್ಪು ಹಿಡಿಯಲು ಕಾಯುತ್ತಿರುತ್ತಾರೆ.

ಅವರ ಒಂದು ಮಾತಿಗೆ ಮಾತ್ರ ಎದುರಾಡುವಂತಿರಲಿಲ್ಲ. "ಬಣ್ಣ ಬಳಿದ ಏಣಿಗೆ ಕಾಲಿಡಬೇಡ ಪುಟ್ಟಿ. ಮೇಲಿಂದ ಯಾರು ಕರೆದ್ರೂ ಇಡಬೇಡ." ನನಗೀಗ ನಲವತ್ತೆಂಟು, ಅವರ ಬಾಯಲ್ಲಿ ಇನ್ನೂ ಪುಟ್ಟಿ. ಕಡಲಿನ ನಿಯಮಪುಸ್ತಕವೂ ಅದನ್ನೇ ಹೇಳುತ್ತದೆ: ಏಣಿಯ ಮೆಟ್ಟಿಲು ಬರಿಯ ಮರವಾಗಿರಬೇಕು, ಬಣ್ಣ ಬಳಿದರೆ ಬಿರುಕು ಮುಚ್ಚಿಹೋಗುತ್ತದೆ.

ಆ ಸೋಮವಾರ ಬೆಳಿಗ್ಗೆ ನೆರೆಯ ದೊಡ್ಡ ದೇಶದ ಮೂರು ಯುದ್ಧನೌಕೆಗಳು ಬಂದವು. ಅವರಿಗೂ ನಮಗೂ ಮೀನು ಹಿಡಿಯುವ ನೀರಿನ ಗಡಿಯ ತಕರಾರು ಹಳೆಯದು. ಅದರ ಮಾತುಕತೆ ಗುರುವಾರ ಶುರುವಾಗಬೇಕಿತ್ತು. ಅದಕ್ಕೆ ಮೂರು ದಿನ ಮುಂಚೆ ಈ ಭೇಟಿ. ಸ್ನೇಹ ಭೇಟಿ ಅಂತೆ! ಸ್ನೇಹಕ್ಕೆ ಒಂದು ಹಡಗು ಸಾಲುತ್ತಿರಲಿಲ್ಲವೇ? ಮೂರೂ ಹಡಗು, ಮೇಲೆಲ್ಲ ತೋಪು, ಆಗಷ್ಟೇ ಬಳಿದ ಬೂದುಬಣ್ಣ ಬಿಸಿಲಿಗೆ ಫಳಫಳ. ಇಡೀ ಊರು ಕಡಲಕಟ್ಟೆಯ ಮೇಲೆ ಸಾಲುಗಟ್ಟಿತ್ತು. ಕೆಳಗೆ ಶಾಮಿಯಾನ, ಬ್ಯಾಂಡು, ಅವರ ರಾಯಭಾರಿ, ನಮ್ಮ ಮಂತ್ರಿಗಳು.

ನನ್ನ ದೋಣಿ ನಡೆಸುವವರನ್ನು ಬಂದರಿನಲ್ಲಿ ಎಲ್ಲರೂ ಅಣ್ಣ ಎಂದೇ ಕರೆಯುವುದು. ಒಮ್ಮೆ ಅವರ ಹೆಂಡತಿಯೂ ಬಾಯಿತಪ್ಪಿ ಕರೆದು ನಾಲಿಗೆ ಕಚ್ಚಿಕೊಂಡಿದ್ದರು. ಅಣ್ಣ ದೋಣಿಯನ್ನು ಎಲ್ಲಕ್ಕಿಂತ ಮುಂದಿದ್ದ ಹಡಗಿನ ಪಕ್ಕಕ್ಕೆ ತಂದರು. ಉಳಿದೆರಡು ಅದರ ಹಿಂದೆಯೇ ಬರಬೇಕಿತ್ತು. ಏಣಿ ಇಳಿದಿತ್ತು. ಹಗ್ಗ ಹೊಸದು, ಕಟ್ಟಿದ್ದೂ ಸರಿ, ಆದರೆ ಮೆಟ್ಟಿಲುಗಳು ಹಡಗಿನಷ್ಟೇ ಫಳಫಳ. ಕೈ ಚಾಚಿ ಕೆಳಗಿನ ಮೆಟ್ಟಿಲನ್ನು ಹೆಬ್ಬೆರಳಿನ ಉಗುರಿನಿಂದ ಗೀರಿದೆ. ಉಗುರಿನೊಳಗೆ ಬೂದುಬಣ್ಣ ಬಂತು.

"ಅಣ್ಣ, ದೋಣಿ ಹಿಂದಕ್ಕೆ ತಗೊಳ್ಳಿ" ಎಂದೆ.

ವೈರ್‌ಲೆಸ್ಸಿನಲ್ಲಿ ಹಡಗಿನ ಕ್ಯಾಪ್ಟನ್ ಮಾತಾಡಿದರು. "ಪೈಲಟ್, ಏನು ತೊಂದರೆ?"

"ಏಣಿಗೆ ಬಣ್ಣ ಬಳಿದಿದ್ದೀರಿ. ಬಳಿಯದ ಏಣಿ ಇಳಿಸಿ."

"ಇಡೀ ಹಡಗಿಗೇ ಬಣ್ಣ ಬಳಿದಿದೀವಿ!"

"ಹಡಗಿಗೆ ನಾನು ನೇತಾಡಲ್ಲ ಕ್ಯಾಪ್ಟನ್, ಏಣಿಗೆ ನೇತಾಡ್ತೀನಿ."

ಅಣ್ಣ ಮುಖ ಆ ಕಡೆ ತಿರುಗಿಸಿಕೊಂಡು ನಕ್ಕರು. ಅಷ್ಟರಲ್ಲಿ ನನ್ನ ಮೊಬೈಲ್ ಬಡಿದುಕೊಂಡಿತು, ಬಂದರಿನ ಮುಖ್ಯಾಧಿಕಾರಿ. "ಏನಮ್ಮ ಇದು? ಮಂತ್ರಿಗಳು ಬಿಸಿಲಲ್ಲಿ ನಿಂತಿದಾರೆ. ಕಣ್ಮುಚ್ಚಿ ಹತ್ತಿಬಿಡಿ."

"ಮಂತ್ರಿಗಳಿಗೆ ಒಂದು ಕುರ್ಚಿ ಹಾಕಿಸಿ ಸಾರ್. ಕಣ್ಮುಚ್ಚಿ ಹತ್ತೋ ಏಣಿ ಅಲ್ಲ ಇದು."

ಬಳಿಯದ ಏಣಿ ಉಗ್ರಾಣದ ತಳದಲ್ಲೆಲ್ಲೋ ಇತ್ತಂತೆ. ಹುಡುಕಿ ತರಲು ಒಂದು ಗಂಟೆ ಐವತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಆ ಮೂರು ಹಡಗು ನಮ್ಮ ಬಾಗಿಲ ಮುಂದೆ ಸುತ್ತು ಹಾಕುತ್ತಿದ್ದವು, ಊರೆಲ್ಲ ನೋಡುತ್ತಿತ್ತು. ಹಡಗು ನೋಡಿ ಹೆದರಬೇಕಾಗಿದ್ದ ಜನ ನಗಲು ಶುರುಮಾಡಿದ್ದು ದೋಣಿಯವರೆಗೂ ಕೇಳಿಸಿತು. ನನಗೆ ಅವಸರವಿರಲಿಲ್ಲ. ನೀರು ಇಳಿಯಲು ಇನ್ನೂ ಮೂರು ಗಂಟೆ ಇತ್ತು.

ಬರಿಯ ಮರದ ಏಣಿ ಇಳಿದ ಮೇಲೆ ಹತ್ತಿದೆ. ಕ್ಯಾಪ್ಟನ್ ಗಂಟುಮುಖ ಹಾಕಿಕೊಂಡು ನಿಂತಿದ್ದರು. ದಿಬ್ಬ ದಾಟಿಸಿ, ಹಡಗನ್ನು ಕಟ್ಟೆಗೆ ತೊಟ್ಟಿಲು ತೂಗಿದಷ್ಟು ಮೆಲ್ಲಗೆ ತಂದು ನಿಲ್ಲಿಸಿದೆ. ಆಮೇಲೆ ಕ್ಯಾಪ್ಟನ್ ಅಂದರು: "ನೀವು ನನ್ನ ದೇಶಕ್ಕೆ ಅವಮಾನ ಮಾಡಿದಿರಿ."

"ಆ ಏಣಿಯ ಬಣ್ಣ ಕೆರೆಸಿ ನೋಡಿ. ಒಳಗೆ ಮರ ಗಟ್ಟಿ ಇದ್ದರೆ ನಾನೇ ಬಂದು ಕ್ಷಮೆ ಕೇಳ್ತೀನಿ."

ಮರುದಿನದ ಪತ್ರಿಕೆಗಳನ್ನು ನೋಡಿ ನಾನೇ ಬೆರಗಾದೆ. ನಮ್ಮವರು "ಬಾಗಿಲಲ್ಲೇ ನಿಂತ ನೌಕಾಪಡೆ" ಎಂದು ದಪ್ಪಕ್ಷರದಲ್ಲಿ ಹಾಕಿದ್ದರು. ಇದು ಸರ್ಕಾರದ ದಿಟ್ಟ ಸಂದೇಶ ಎಂದು ಒಬ್ಬ ಪಂಡಿತರು ಅರ್ಧ ಪುಟ ಬರೆದಿದ್ದರು. ಅವರ ಕಡೆಯ ಪತ್ರಿಕೆಗಳು ಬೇಕೆಂದೇ ಮಾಡಿದ ಅವಮಾನ ಎಂದವು. ಬೇಕರಿಯವನು ನನ್ನನ್ನು ಕಂಡು ಸಲ್ಯೂಟ್ ಹೊಡೆದ. "ಮೇಲಿಂದ ಆರ್ಡರ್ ಇತ್ತಲ್ವಾ ಮೇಡಂ? ಹೇಳಬೇಡಿ, ಹೇಳಬೇಡಿ, ಅರ್ಥ ಆಯ್ತು." ಏಣಿ ಎಂದರೆ ಯಾರೂ ನಂಬುತ್ತಿರಲಿಲ್ಲ.

ಬುಧವಾರ ಅವರ ಸರ್ಕಾರ ಗುರುವಾರದ ಮಾತುಕತೆಯನ್ನು ನಿಲ್ಲಿಸಿತು. ಲಿಖಿತ ಕ್ಷಮೆ ಬೇಕಂತೆ. ಆ ಮಧ್ಯಾಹ್ನವೇ ಮುಖ್ಯಾಧಿಕಾರಿಯ ಕೋಣೆಗೆ ನನ್ನನ್ನು ಕರೆಸಿದರು. ವಿದೇಶಾಂಗ ಇಲಾಖೆಯಿಂದ ಒಬ್ಬರು ಬಂದಿದ್ದರು. ಅಂಗಿ, ಪ್ಯಾಂಟು, ಕರವಸ್ತ್ರ, ಕೊನೆಗೆ ಮುಖಕ್ಕೂ ಇಸ್ತ್ರಿ ಹಾಕಿದಂತಿದ್ದ ಮನುಷ್ಯ. ನನ್ನ ಮಟ್ಟಿಗೆ ಅವರು ಆಗಲೇ ಇಸ್ತ್ರಿ ಸಾಹೇಬರಾದರು.

ಅವರು ಒಂದು ಹಾಳೆ ಮುಂದಿಟ್ಟರು. ಏಣಿಯಲ್ಲಿ ಯಾವ ದೋಷವೂ ಇರಲಿಲ್ಲ, ಪೈಲಟ್ ತಪ್ಪು ತಿಳಿದಿದ್ದರಿಂದ ವಿಳಂಬವಾಯಿತು ಎಂದು ಅದರಲ್ಲಿತ್ತು. ಕೆಳಗೆ ನನ್ನ ಹೆಸರು, ಸಹಿಗೆ ಜಾಗ.

"ಶುಕ್ರವಾರ ಸಂಜೆ ಐದರೊಳಗೆ ಸಹಿ ಬೇಕು" ಎಂದರು ಮುಖ್ಯಾಧಿಕಾರಿ, ನನ್ನ ಮುಖ ನೋಡದೆ. "ಇಲ್ಲಾಂದ್ರೆ ನಿಮ್ಮ ಪರವಾನಗಿ ತಂದು ಈ ಮೇಜಿನ ಮೇಲಿಡಿ."

"ಸುಳ್ಳಿಗೆ ಸಹಿ ಹಾಕಲ್ಲ ಸಾರ್."

ಇಸ್ತ್ರಿ ಸಾಹೇಬರು ದನಿ ಏರಿಸಲಿಲ್ಲ. "ನಿಮ್ಮ ಒಂದು ಸಹಿ ಉಳಿಸೋಕೆ ಎಷ್ಟು ಮೀನುಗಾರರು ತಮ್ಮ ನೀರು ಕಳ್ಕೋಬೇಕು ಮೇಡಂ? ಯೋಚನೆ ಮಾಡಿ."

ಅದು ನೇರ ಎದೆಗೆ ನಾಟಿತು. ಅಣ್ಣನ ಇಬ್ಬರು ತಮ್ಮಂದಿರು ಆ ನೀರಿನಲ್ಲೇ ಬಲೆ ಬೀಸುವವರು.

ಮನೆಗೆ ಬಂದು ಹಾಳೆಯನ್ನು ದೊಡ್ಡಪ್ಪನ ಮಡಿಲಲ್ಲಿ ಹಾಕಿದೆ. ಅವರು ಹರಿದು ಮುಖದ ಮೇಲೆಸೆಯುತ್ತಾರೆ ಎಂದುಕೊಂಡಿದ್ದೆ. ಎರಡು ಸಲ ಓದಿದರು, ಕನ್ನಡಕ ತೆಗೆದು ಒರೆಸಿದರು.

"ಸಹಿ ಹಾಕಿಬಿಡು ಪುಟ್ಟಿ."

"ದೊಡ್ಡಪ್ಪಾ!"

"ಕೆಲಸ ಉಳಿಯುತ್ತೆ. ದೊಡ್ಡವರ ಜಗಳ ಅದು, ನಮ್ಮ ಕೈಲಿ ಏನಿದೆ."

ನನಗೆ ಮೈಯೆಲ್ಲ ಉರಿದುಹೋಯಿತು. "ಮೇಲಿಂದ ಯಾರು ಕರೆದ್ರೂ ಹತ್ತಬೇಡ ಅಂದಿದ್ದು ಯಾರು? ಇಪ್ಪತ್ತೊಂದು ವರ್ಷ ನಾನು ಕೇಳಿದ್ದು ಯಾರ ಮಾತು?" ಎಂದು ಕೂಗಾಡಿದೆ. ಅವರು ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು. ಎರಡು ದಿನ ನಮ್ಮಿಬ್ಬರ ನಡುವೆ ಊಟಕ್ಕೆ ಬನ್ನಿ ಎನ್ನುವುದನ್ನು ಬಿಟ್ಟು ಮಾತಿಲ್ಲ.

ಶುಕ್ರವಾರ ಮಧ್ಯಾಹ್ನ ಹಡಗುಗಳು ಹೊರಡಬೇಕಿತ್ತು. ಇನ್ನೊಬ್ಬ ಪೈಲಟ್‌ನನ್ನು ಕಳಿಸುತ್ತೇವೆ ಎಂದು ಬಂದರಿನವರು ಹೇಳಿದರಂತೆ. "ಬೇಡ, ಅದೇ ಹೆಂಗಸು ಬರಲಿ" ಎಂದರಂತೆ ಕ್ಯಾಪ್ಟನ್. ಬೈಯಲಿಕ್ಕೇ ಕರೆಸುತ್ತಿದ್ದಾರೆ, ಬೈಯಲಿ, ನನಗೂ ಬಾಯಿದೆ ಎಂದುಕೊಂಡು ಹೋದೆ.

ಹಡಗನ್ನು ದಿಬ್ಬ ದಾಟಿಸಿ ಆಚೆಯ ಆಳದ ನೀರಿಗೆ ಬಿಟ್ಟೆ. ಇಳಿಯುವ ಏಣಿಯ ತನಕ ಕ್ಯಾಪ್ಟನ್ ಜೊತೆಗೇ ಬಂದರು. ಅಲ್ಲಿ ಒಂದು ಗೋಣಿಚೀಲ ಇತ್ತು. ಬಿಚ್ಚಿ ತೋರಿಸಿದರು. ಸೋಮವಾರದ ಏಣಿಯ ಒಂದು ಮೆಟ್ಟಿಲು, ಬಣ್ಣ ಕೆರೆದು ಬರಿಮರ ಮಾಡಿದ್ದು. ಬಲತುದಿಯಲ್ಲಿ, ಹಗ್ಗ ತೂರುವ ತೂತಿನಿಂದ ಮಧ್ಯದವರೆಗೆ ಬಿರುಕು. ಬೆರಳಲ್ಲಿ ಒತ್ತಿದರೆ ಬಾಯಿ ಬಿಡುತ್ತಿತ್ತು.

"ನಿನ್ನೆ ಕೆರೆಸಿದೆ. ಮೇಲಿನಿಂದ ನಾಲ್ಕನೆಯದು" ಎಂದರು. "ಅಷ್ಟೆತ್ತರಕ್ಕೆ ಹೋದ ಮೇಲೆ ಮುರೀತಿತ್ತು. ನನ್ನ ಹುಡುಗರೂ ಇದೇ ಏಣಿ ಹತ್ತೋರು." ಚೀಲದ ಬಾಯಿ ಕಟ್ಟಿ ನನ್ನ ಕೈಗೆ ಕೊಟ್ಟರು. "ದಿನಚರಿ ಪುಸ್ತಕದಲ್ಲಿ ಇದ್ದಿದ್ದನ್ನು ಇದ್ದ ಹಾಗೇ ಬರೆದು ನಮ್ಮ ರಾಜಧಾನಿಗೆ ಕಳಿಸಿದೀನಿ. ಅದರ ಪ್ರತಿ ಚೀಲದಲ್ಲಿದೆ."

ಅವರು ಕ್ಷಮಿಸಿ ಎನ್ನಲಿಲ್ಲ. ನಾನು ಇಳಿಯುವಾಗ ಮಾತ್ರ ನಾವಿಕನನ್ನು ಪಕ್ಕಕ್ಕೆ ಸರಿಸಿ, ಏಣಿಯ ಹಗ್ಗವನ್ನು ತಾವೇ ಹಿಡಿದು ನಿಂತರು. ಅಷ್ಟು ದೊಡ್ಡ ಹಡಗಿನ ಮೇಲೆ ಆ ಒಬ್ಬ ಮನುಷ್ಯನ ಬಗ್ಗೆ ನನಗೆ ಗೌರವ ಹುಟ್ಟಿತು.

ನಾಲ್ಕೂವರೆಗೆ ಮುಖ್ಯಾಧಿಕಾರಿಯ ಮೇಜಿನ ಮೇಲೆ ಮೆಟ್ಟಿಲು ಇಟ್ಟೆ. ಪಕ್ಕದಲ್ಲಿ ಸಹಿಯಿಲ್ಲದ ಹಾಳೆ. ಇಸ್ತ್ರಿ ಸಾಹೇಬರು ದಿನಚರಿಯ ಪ್ರತಿ ಓದಿದರು, ಹೊರಗೆ ಹೋಗಿ ಫೋನಿನಲ್ಲಿ ಬಹಳ ಹೊತ್ತು ಮಾತಾಡಿದರು. ಒಳಗೆ ಬಂದವರೇ ಹಾಳೆಯನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡರು. ಅಷ್ಟು ಸೊಗಸಾದ ಇಸ್ತ್ರಿ ಜೇಬು ಉಬ್ಬಿ ಕೆಟ್ಟಿತು.

"ಅವರು ಕ್ಷಮೆಯ ಮಾತು ಬಿಟ್ಟಿದಾರೆ. ಸೋಮವಾರ ಮಾತುಕತೆ" ಎಂದರು. ಆಮೇಲೆ ಗಂಟಲು ಸರಿಮಾಡಿಕೊಂಡು, "ಪತ್ರಿಕೆಯವರಿಗೆ ಇದು ನಮ್ಮದೇ ಯೋಜನೆ ಅಂತ ಅಂದ್ರೆ..."

"ಏಣಿ ಅಂತಲೇ ಹೇಳಿ ಸಾರ್."

ಮೆಟ್ಟಿಲು ಕಡತದ ಜೊತೆ ಇರಲಿ ಎಂದರು ಮುಖ್ಯಾಧಿಕಾರಿ. ಫೋಟೋ ತೆಗೆದುಕೊಳ್ಳಿ, ಇದು ಮನೆಗೆ ಹೋಗಬೇಕು ಎಂದು ಚೀಲಕ್ಕೆ ಹಾಕಿಕೊಂಡು ಬಂದೆ. ದೊಡ್ಡಪ್ಪನ ಮುಂದೆ ಗೆದ್ದ ಮುಖ ತೋರಿಸಬೇಕಿತ್ತು, ಅದಕ್ಕೇ.

ಮೆಟ್ಟಿಲನ್ನು ಅವರ ಮಡಿಲಲ್ಲಿ ಇಟ್ಟೆ. ಅವರ ಹೆಬ್ಬೆರಳು ತಾನೇ ಬಲತುದಿಗೆ ಹೋಯಿತು. ಬಿರುಕಿನ ಉದ್ದಕ್ಕೂ ಒಮ್ಮೆ ಸವರಿದರು.

"ಇಲ್ಲೇ" ಎಂದರು. "ನಂದೂ ಇಲ್ಲೇ ಮುರಿದಿದ್ದು."

ನನಗೆ ಅರ್ಥವಾಗಲಿಲ್ಲ.

"ನನ್ನ ಕಾಲು ಜಾರಿರಲಿಲ್ಲ ಪುಟ್ಟಿ. ಮೆಟ್ಟಿಲು ಮುರೀತು. ಬಣ್ಣ ಬಳಿದಿದ್ರು. ಆಸ್ಪತ್ರೆಗೇ ಹಾಳೆ ತಂದ್ರು, ದೇಶ ದೇಶದ ಮಧ್ಯೆ ಜಗಳ ಆಗುತ್ತೆ, ಕಾಲು ಜಾರಿತು ಅಂತ ಬರೆದುಕೊಡಿ ಅಂದ್ರು. ಮಲಗಿದ್ದಲ್ಲೇ ಸಹಿ ಹಾಕಿದೆ. ಆಮೇಲೆ ಆ ಕಟ್ಟೆಗೆ ಹೋಗಿ ಯಾರ ಮುಖ ನೋಡಲಿ?"

ಇಪ್ಪತ್ತಮೂರು ವರ್ಷ ಈ ಮನುಷ್ಯ, ಜಗತ್ತಿನಲ್ಲೇ ಅತಿ ಎಚ್ಚರದ ಪೈಲಟ್, ತಮ್ಮನ್ನು ಅಜಾಗರೂಕ ಎಂದು ಎಲ್ಲರೂ ಅಂದುಕೊಳ್ಳಲಿ ಎಂದು ಬಿಟ್ಟು ಕೂತಿದ್ದರು. ಸಿಟ್ಟು ಬಂತು, ಆ ಕಚೇರಿಯ ಮೇಲೆ, ಅವರ ಮೇಲೆ, ಎರಡು ದಿನ ಮುಖ ತಿರುಗಿಸಿಕೊಂಡು ಓಡಾಡಿದ ನನ್ನ ಮೇಲೆ. ಅವರ ಮಂಡಿಯ ಮೇಲೆ ತಲೆಯಿಟ್ಟು ಅತ್ತೆ.

ಅವರು ಅಳಲಿಲ್ಲ. ತಲೆ ಸವರಿ, "ಹಾಳೆ ಪೆನ್ನು ಕೊಡು" ಎಂದರು. ಪೈಲಟ್‌ಗಳು ಬರೆಯುವ ರೀತಿಯಲ್ಲೇ ಮೊದಲು ತಾರೀಖು, ಆಮೇಲೆ ಗಂಟೆ ಬರೆದರು. ಬಂದರಿನ ಕಚೇರಿಗೆ ಬರೆದ ಪತ್ರ ಎರಡೇ ಸಾಲಿನದು: ಕಾಲು ಜಾರಿತೆಂದು ಹಿಂದೆ ಬರೆದುಕೊಟ್ಟಿದ್ದು ಸುಳ್ಳು, ಬಣ್ಣ ಬಳಿದ ಮೆಟ್ಟಿಲು ಮುರಿದು ಬಿದ್ದೆ. ಸಹಿ ಸ್ಪಷ್ಟವಾಗಿತ್ತು.

"ನಾಳೆ ನಾನೇ ಕಚೇರಿಗೆ ಕೊಟ್ಟು ಬರ್ತೀನಿ ದೊಡ್ಡಪ್ಪ" ಎಂದೆ.

"ಬೇಡ, ನಾನೇ ಬರ್ತೀನಿ. ಎಷ್ಟು ಗಂಟೆಗೆ ತೆಗೀತಾರೆ?"

"ಎಂಟಕ್ಕೆ."

"ಹಾಗಾದ್ರೆ ಈ ಗಾಲಿಗಳಿಗೆ ಸ್ವಲ್ಪ ಎಣ್ಣೆ ಬಿಡು" ಎಂದರು.